ಅಳಿಸಬೇಡಿ, ಕೇಳಬೇಡಿ

ಹೋದ ವರ್ಷದ ಕಡಲ ನೀರಿನ ಮಟ್ಟದ ಅಂಕಿಗಳನ್ನೆಲ್ಲ ತುಂಬಿಸಿ ಮುಗಿಸಿದ್ದಳು. ಮುಂದಿನ ಹನ್ನೆರಡು ತಿಂಗಳ ಚಂದ್ರನ ನಡೆಯನ್ನೂ ಸರಿನೋಡಿದ್ದಳು. ಇನ್ನು ಉಳಿದದ್ದು ತಾನು ಬರೆದ ಸೋರ್ಸನ್ನು ಒಮ್ಮೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಪ್ರೋಗ್ರಾಮು ಓಡಿಸುವುದಷ್ಟೇ. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಎರಡೂ ಕೈಯಲ್ಲಿ ಕೂದಲು ಸುತ್ತಿ ಹಿಡಿದು, ಮೊಣಕೈಯಿಂದ ಎಂಟರ್ ಒತ್ತಿದಳು.

ಹದಿನೇಳು ವರ್ಷದಿಂದ ಹೀಗೇ. ಟೀ ಆರುವುದರೊಳಗೆ ಕಂಪೈಲ್ ಮುಗಿಯುತ್ತಿತ್ತು. ಊಟದ ಹೊತ್ತಿಗೆ ಮುಂದಿನ ವರ್ಷದ ಅಷ್ಟೂ ದಿನಗಳ ಉಬ್ಬರ ಇಳಿತಗಳು ಗಂಟೆ ನಿಮಿಷ ಸಮೇತ ಸಾಲಾಗಿ ನಿಲ್ಲುತ್ತಿದ್ದವು. ಬಂದರಿಗೆ ಬರುವ ಹಡಗುಗಳೂ ಮೀನಿಗೆ ಹೋಗುವ ದೋಣಿಗಳೂ ಆ ಪಟ್ಟಿ ಅಚ್ಚಾದ ಪುಸ್ತಕ ನೋಡಿಯೇ ಹೊರಡುವುದು. ಅದಕ್ಕೇ ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಉಬ್ಬರದ ಮೇಡಂ ಎಂದರೆ ಮುಗಿಯಿತು.

ಈ ಸಲ ಪರದೆಯ ಮೇಲೆ ಎರರ್‌ಗಳು ಸುರಿಯತೊಡಗಿದವು. ಚೀಲ ಹರಿದು ಕಾಳು ಚೆಲ್ಲಿದ ಹಾಗೆ. ನಿಲ್ಲುತ್ತಲೇ ಇಲ್ಲ.

ಎರಡನೇ ಸಲ ಒತ್ತಿದರೆ ಬೇರೆ ಉತ್ತರ ಬರುತ್ತದೆಂದು ನಂಬುವಷ್ಟು ಹೊಸಬಳಲ್ಲ ಅವಳು. ಆದರೂ ಒತ್ತಿದಳು. ಅದೇ ಉತ್ತರ. ಆಗ ಪರದೆಯ ಮೇಲ್ತುದಿಯಲ್ಲಿದ್ದ ಸಿಸ್ಟಂ ವರ್ಷನ್ನಿನ ಸಂಖ್ಯೆ ಕಣ್ಣಿಗೆ ಬಿತ್ತು. ಅದು ಯುನಿಕ್ಸ್ ಜಾತಿಯ ಹಳೆಯ ಗಟ್ಟಿ ಆಪರೇಟಿಂಗ್ ಸಿಸ್ಟಂ. ಅದರ ಸಂಖ್ಯೆ ಅವಳಿಗೆ ತನ್ನ ವಯಸ್ಸಿನಷ್ಟೇ ಚೆನ್ನಾಗಿ ಗೊತ್ತು. ಇದು ಆ ಸಂಖ್ಯೆಯಲ್ಲ.

“ನನ್ನ ಮಷೀನ್ ಮುಟ್ಟಿದ್ದು ಯಾರು?”

ಕಾರಿಡಾರಿನ ಆ ತುದಿಯಲ್ಲಿ ಯಾರೋ ಸ್ಟೇಪ್ಲರ್ ಒತ್ತುವುದನ್ನು ನಿಲ್ಲಿಸಿದರು.

“ನಾನು,” ಎಂದಿತು ಬಾಗಿಲ ಬಳಿಯ ದನಿ.

ಮೂರು ತಿಂಗಳ ಹಿಂದೆ ಕಾಂಟ್ರಾಕ್ಟ್ ಮೇಲೆ ಬಂದ ಸಿಸ್ಟಂ ಅಡ್ಮಿನ್. ಇಪ್ಪತ್ತೆರಡು ವರ್ಷ ಹಡಗುಗಳ ರೇಡಿಯೋ ರೂಮಿನಲ್ಲಿ ಕೂತು ಬಂದವನೆಂದು ಎಲ್ಲರೂ ಆತನನ್ನು ಹಡಗಿನವರು ಎಂದೇ ಕರೆಯುತ್ತಿದ್ದರು. ಐವತ್ತು ದಾಟಿರಬಹುದು. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಸುತ್ತಿದ ಕೇಬಲ್ಲು. ಮೆಟ್ಟಿಲಲ್ಲಿ ಎದುರಾದಾಗ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಮೊದಲೇ ಪಕ್ಕಕ್ಕೆ ಸರಿದು ನಿಲ್ಲುವ ಮನುಷ್ಯ. ಅದಕ್ಕಿಂತ ಹೆಚ್ಚಿನ ಪರಿಚಯ ಇರಲಿಲ್ಲ.

“ಭಾನುವಾರ ಅಪ್‌ಗ್ರೇಡ್ ಮಾಡಿದೆ ಮೇಡಂ. ಹಳೇ ವರ್ಷನ್ ಇರೋ ಯಾವ ಮಷೀನೂ ನೆಟ್‌ವರ್ಕಲ್ಲಿ ಇರಬಾರದು ಅಂತ ಸಾಹೇಬ್ರ ಆರ್ಡರ್.”

“ನನಗೆ ಹೇಳೋದು?”

“ಸಾಹೇಬ್ರು ಹೇಳಿರ್ತಾರೆ ಅಂದ್ಕೊಂಡೆ.”

“ಅಂದ್ಕೊಂಡ್ರಿ! ಇನ್ನೂರ ಹದಿನಾಲ್ಕು ಎರರ್. ಬೇಕಾದ್ರೆ ಎಣಿಸಿ.”

ಆತ ನಿಜಕ್ಕೂ ಬಗ್ಗಿ ನೋಡಿದ. ಕನ್ನಡಕವನ್ನು ಹಣೆಗೇರಿಸಿಕೊಂಡು, ಪೆನ್ಸಿಲ್ಲಿನ ತುದಿಯಿಂದ ಸಾಲುಗಳನ್ನು ಮುಟ್ಟುತ್ತಾ. “ಇನ್ನೂರ ಹದಿನೈದು. ಕೊನೇದನ್ನ ಬಿಟ್ರಿ.”

“ಕೊನೇ ಸಾಲು ಎರರ್ ಅಲ್ಲ. ಇನ್ನು ನನ್ನ ಕೈಲಾಗಲ್ಲ ಅಂತ ಕಂಪೈಲ್ ಮಾಡಿಸೋ ಮೇಕ್ ಪ್ರೋಗ್ರಾಮು ಕೈಚೆಲ್ಲಿದ್ದು.”

“ಹೌದಲ್ಲ,” ಎಂದ ಆತ, ಮತ್ತು ನಕ್ಕ. ತಾನು ತಪ್ಪಿದ್ದಕ್ಕೆ ಖುಷಿಪಡುವ ಗಂಡಸನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಿಟ್ಟು ಇನ್ನೂ ಹೆಚ್ಚಾಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಾಹೇಬರಿಗೆ ಮುಟ್ಟಿತ್ತು. ಅವರ ಮೇಜಿನ ಮೇಲೆ ಒಂದು ಹೊರಗಿನ ಕಂಪನಿಯ ನುಣುಪಾದ ಫೋಲ್ಡರ್ ತಿಂಗಳಿಂದ ಕೂತಿರುವುದು ಎಲ್ಲರಿಗೂ ಗೊತ್ತಿತ್ತು. ಉಬ್ಬರ ಇಳಿತದ ಸಿದ್ಧ ಪಟ್ಟಿ ಕೊಡುತ್ತಾರಂತೆ. ಆರ್ಡರಿಗೆ ಸಹಿ ಬಿದ್ದರೆ ಅವಳ ವಿಭಾಗಕ್ಕೆ ಬೀಗ. ಅವಳಿಗೆ ಹಿಂದಿನ ಕಟ್ಟಡದಲ್ಲಿ ಆವಕ ಜಾವಕದ ಕುರ್ಚಿ. ಬಂದ ಪತ್ರಕ್ಕೆ ಒಂದು ಮುದ್ರೆ, ಹೋಗುವ ಪತ್ರಕ್ಕೆ ಒಂದು ಮುದ್ರೆ, ನಿವೃತ್ತಿಯವರೆಗೆ.

“ಏನ್ರೀ ಮೇಡಂ, ಕುಣಿಯೋಕೆ ಬರದೋಳು ನೆಲ ಡೊಂಕು ಅಂದ ಹಾಗಾಯ್ತು,” ಎಂದರು ಸಾಹೇಬರು. “ಎಲ್ಲಾ ಮಷೀನೂ ಅಪ್‌ಗ್ರೇಡ್ ಆಗಿವೆ. ತಕರಾರು ನಿಮ್ಮದೊಂದೇ.”

“ನೆಲ ಡೊಂಕೇ ಇದೆ ಸಾರ್. ಸರಿ ಮಾಡಿ ಕುಣಿದು ತೋರಿಸ್ತೀನಿ.”

“ಶುಕ್ರವಾರ ನಾಲ್ಕು ಗಂಟೆ. ಆಮೇಲೆ ಸಹಿ ಹಾಕ್ತೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಈ ವಯಸ್ಸಲ್ಲಿ ಯಾಕೆ ಈ ಒದ್ದಾಟ?”

ಅವಳ ವಯಸ್ಸು ನಲವತ್ತೆಂಟು. ಸಾಹೇಬರದು ಐವತ್ತೇಳು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವರ ತಲೆಯ ಮೇಲಿನ ಗಡಿಯಾರವನ್ನು ಒಮ್ಮೆ ನೋಡಿ ಎದ್ದುಬಂದಳು.

ಹಡಗಿನಾತ ಅವಳ ಕೋಣೆಯಲ್ಲಿ ನಿಂತೇ ಇದ್ದ. ಕೂತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲವಲ್ಲ.

“ಹಳೇ ವರ್ಷನ್ ವಾಪಸ್ ಹಾಕಿಕೊಡಿ,” ಎಂದಳು.

“ಒಂದು ಗಂಟೇಲಿ ಹಾಕಿಕೊಡ್ತೀನಿ. ಆದ್ರೆ ಸಾಹೇಬ್ರು ಕಾಯ್ತಿರೋದೇ ಅದಕ್ಕೆ. ‘ಈ ಪ್ರೋಗ್ರಾಮು ಹೊಸ ಸಿಸ್ಟಮಲ್ಲಿ ನಡೆಯಲ್ಲ’ ಅಂತ ಬರೆದು ಫೋಲ್ಡರ್ ತೆಗೀತಾರೆ.”

ಅದು ಅವಳಿಗೂ ಹೊಳೆದಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮಾತ್ರ ನಿಜವೆನಿಸಿತು.

“ಹಾಗಾದ್ರೆ ಕೂತ್ಕೊಳ್ಳಿ,” ಎಂದಳು. “ಹಾಳು ಮಾಡಿದೋರೇ ಜೊತೇಲಿರಲಿ.”

*

ಇನ್ನೂರ ಹದಿನಾಲ್ಕನ್ನೂ ಓದಲು ಹೋಗಬಾರದು. ಮೊದಲನೆಯದನ್ನು ಮಾತ್ರ ನೋಡಬೇಕು. ಅದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿದರೆ ಅದರ ಬಾಲಕ್ಕೆ ಕಟ್ಟಿಕೊಂಡಿದ್ದ ಮೂವತ್ತು ತಾವಾಗಿಯೇ ಉದುರುತ್ತವೆ. ಇದು ಅವಳ ಪದ್ಧತಿ. ಹಡಗಿನಾತನದೂ ಅದೇ ಪದ್ಧತಿ ಎಂದು ಗೊತ್ತಾದಾಗ ಅವಳಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಶತ್ರು ತನ್ನ ಊರಿನವನೇ ಎಂದು ತಿಳಿದಂತೆ.

ಹಳೆಯ ಕಂಪೈಲರ್ ಪಾಪದ್ದು. ಒಂದು ಫಂಕ್ಷನ್ನಿನ ಹೆಸರನ್ನು ಮೊದಲೇ ಪರಿಚಯಿಸದೆ ಬಳಸಿದರೂ ‘ಏನೋ ಇರಬೇಕು ಬಿಡು’ ಎಂದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಿತ್ತು. ಹೆಚ್ಚೆಂದರೆ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಹೊಸದು ಊಹಿಸುವುದಿಲ್ಲ. ಯಾರು ಇದು, ಏನು ಕೊಟ್ಟರೆ ಏನು ಹಿಂದಿರುಗಿಸುತ್ತದೆ, ಹೇಳಿ, ಇಲ್ಲದಿದ್ದರೆ ಒಳಗೆ ಬಿಡೆನು ಎನ್ನುತ್ತದೆ.

“ಕಂಪೈಲರಿಗೆ ಒಂದು ಫ್ಲ್ಯಾಗ್ ಹಾಕಿ ಹೇಳಿದ್ರೆ ಮತ್ತೆ ಹಳೇ ಥರ ಸುಮ್ಮನಿರುತ್ತೆ,” ಎಂದ ಆತ. “ಎಷ್ಟೋ ಜನ ಹಾಗೇ ಮಾಡ್ತಾರೆ.”

“ಬಾಯಿ ಮುಚ್ಚಿಸೋದಾ?”

“ಟೈಮಿಲ್ಲ ಅಂತ.”

“ನನ್ನ ಪಟ್ಟಿ ನಂಬಿ ನೀರಿಗಿಳಿಯೋ ಜನ ಇದಾರೆ. ಬಾಯಿ ಮುಚ್ಚಿಸಿ ಓಡಿಸಿದ ಪ್ರೋಗ್ರಾಮನ್ನ ಅವರ ಕೈಗೆ ಕೊಡಲ್ಲ. ಒಂದೊಂದಾಗಿ ಸರಿ ಮಾಡ್ತೀನಿ. ನಿಮಗೆ ಬೇರೆ ಕೆಲಸ ಇದ್ರೆ ಹೋಗಿ.”

“ಬೇರೆ ಕೆಲಸ ಇದೆ,” ಎಂದು ಆತ ಕುರ್ಚಿಯನ್ನು ಇನ್ನೊಂದು ಗೇಣು ಹತ್ತಿರ ಎಳೆದುಕೊಂಡ.

ಅವಳು ಟೈಪ್ ಮಾಡುವುದು, ಆತ ಓದುವುದು. ಕಂಪೈಲ್ ಶುರುವಾಗುವ ಮುನ್ನ ಪರದೆ ಅರೆಗಳಿಗೆ ಪೂರ್ತಿ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಆತನ ಮುಖ ಅವಳ ಹೆಗಲಿನ ಪಕ್ಕ ಮೂಡುತ್ತಿತ್ತು. ಮೂಡಿದಾಗಲೆಲ್ಲ ಆತ ಪರದೆಯನ್ನು ನೋಡುತ್ತಿರಲಿಲ್ಲ. ಅವಳು ಗಮನಿಸಿದ್ದು ಆತನಿಗೆ ತಿಳಿದದ್ದು ಹೇಗೋ, ನಾಲ್ಕನೇ ಸಲಕ್ಕೆ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸತೊಡಗಿದ. ಒರೆಸಿ ಒರೆಸಿ ಗಾಜು ಸವೆಯಬೇಕು.

“ಸೆಮಿಕೋಲನ್,” ಎಂದ ಆತ ಇದ್ದಕ್ಕಿದ್ದಂತೆ.

“ಎಲ್ಲಿ?”

“ಬಿಟ್ಟಿದ್ದೀರಿ.”

“ಕನ್ನಡಕ ಇಲ್ಲದೆ ಅದು ಹೇಗೆ ಕಾಣಿಸ್ತು?”

“ನೀವು ಸೆಮಿಕೋಲನ್ ಹಾಕುವಾಗ ಕಿರುಬೆರಳು ಜೋರಾಗಿ ಕುಟ್ಟುತ್ತೆ. ಕುಟ್ಟಿದ ಸದ್ದು ಬರ್ಲಿಲ್ಲ.”

ಇಪ್ಪತ್ತೆರಡು ವರ್ಷ ಕಿವಿಯಿಂದಲೇ ಹೊಟ್ಟೆ ಹೊರೆದ ಮನುಷ್ಯ. ಅವಳು ಸೆಮಿಕೋಲನ್ನನ್ನು ಬೇಕೆಂದೇ ಮೆಲ್ಲಗೆ ಒತ್ತಿದಳು.

ಮಂಗಳವಾರ ಸಂಜೆಗೆ ನೂರ ನಲವತ್ತು. ಬುಧವಾರ ಮಧ್ಯಾಹ್ನಕ್ಕೆ ಐವತ್ತೆರಡು. ಊಟದ ಡಬ್ಬಿಗಳನ್ನು ತೆರೆದಾಗ ಆತ, ಯಾರೂ ಕೇಳದಿದ್ದರೂ, ತನಗೂ ಮದುವೆಯಾಗಿತ್ತು ಎಂದ. “ನಾನು ನೀರ ಮೇಲೆ, ಅವಳು ನೆಲದ ಮೇಲೆ. ಕೊನೆಗೆ ಅವಳು ನೆಲದೋರನ್ನೇ ನೋಡ್ಕೊಂಡ್ಳು. ತಪ್ಪು ಹೇಳೋಕಾಗಲ್ಲ. ನಾನು ವರ್ಷಕ್ಕೆ ಎರಡು ಸಲ ಬರೋ ನೆಂಟ.”

ಅವಳು ತನ್ನದನ್ನು ಹೇಳಲಿಲ್ಲ. ಅದು ಇಡೀ ಆಫೀಸಿಗೇ ಗೊತ್ತಿದ್ದ ವಿಷಯ. ಒಂಬತ್ತು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ ಗಂಡ ಮತ್ತೆ ಎದ್ದಿರಲಿಲ್ಲ.

*

“ಯಾರೇ ಅದು ಫೋನಲ್ಲಿ?” ಎಂದರು ಅತ್ತೆ.

ಬುಧವಾರದ ಸಂಜೆ ಆರು ಗಂಟೆ. ಅವಳು ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅತ್ತೆ ರೇಡಿಯೋದ ಮುಂದೆ ಕೂತಿದ್ದರು. ಹಿರಿಮಗ ತೀರಿಕೊಂಡ ಮೇಲೆ ಕಿರಿಮಗ ಕರೆದರೂ ಹೋಗದೆ ಸೊಸೆಯ ಜೊತೆಗೇ ಉಳಿದ ಮುದುಕಿ. ಇಬ್ಬರಿಗೂ ಒಬ್ಬರೆಂದರೆ ಒಬ್ಬರಿಗೆ ಪ್ರಾಣ. ದಿನಕ್ಕೆ ಮೂರು ಸಲ ಜಗಳ.

“ಆಫೀಸಿನೋರು ಅತ್ತೆ. ಒಂದೇ ಹೆಸರು ಎರಡು ಫೈಲಲ್ಲಿ ಬಂದಿತ್ತು. ಲಿಂಕ್ ಆಗ್ತಿರಲಿಲ್ಲ. ಎಲ್ಲಿ ಅಂತ ಸಿಕ್ತಂತೆ.”

“ಅದಕ್ಕೆ ನಗೋದಾ?”

“ನಾನೆಲ್ಲಿ ನಕ್ಕೆ?”

“ನಾನು ಮುದುಕಿ, ಕಿವುಡಿ ಅಲ್ಲ. ನಕ್ಕೆ. ಎರಡು ಸಲ.” ಅತ್ತೆ ರೇಡಿಯೋದ ಸದ್ದು ತಗ್ಗಿಸಿದರು. “ಹೆಂಡ್ತಿ ಇದಾಳಾ?”

“ಯಾರಿಗೆ?”

“ರೇಡಿಯೋಗೆ! ಯಾರಿಗೆ ಅಂತೆ.”

“ಇಲ್ಲ.”

“ಹಲ್ಲು?”

“ಅತ್ತೆ!”

“ಸ್ವಂತದ್ದಾ ಅಂತ ಕೇಳಿದೆ. ಕೇಳಬಾರದಾ? ನಿನ್ನ ಮೈದುನ ಫೋನ್ ಮಾಡಿದ್ದ. ಆ ಹಡಗಿನವನ ಜೊತೆ ಅತ್ತಿಗೆ ಮೂರು ಹೊತ್ತೂ ಒಂದೇ ರೂಮಲ್ಲಿ ಕೂತಿರ್ತಾರಂತೆ, ಜನ ಆಡ್ಕೋತಾರೆ, ಸ್ವಲ್ಪ ಹೇಳಮ್ಮ ಅಂದ.”

ಅವಳ ಕೈಯ ಬಟಾಣಿಕಾಯಿ ಟಪ್ಪೆಂದು ಒಡೆದು ಕಾಳುಗಳು ನೆಲದ ಮೇಲೆ ಓಡಿದವು. “ನೀವೇನಂದ್ರಿ?”

“ಬಾಗಿಲು ತೆಗೆದಿತ್ತಾ ಮುಚ್ಚಿತ್ತಾ ಅಂತ ಕೇಳಿದೆ. ತೆಗೆದಿತ್ತಂತೆ. ಹಾಗಾದ್ರೆ ನಿನಗೇನು ಕಷ್ಟ ಅಂದೆ.” ರೇಡಿಯೋದ ಗುಂಡಿ ಸವರುತ್ತಾ, “ಆದ್ರೂ ನನಗಿದು ಹಿಡಿಸಲ್ಲ ಕಣೇ,” ಎಂದರು. “ನನ್ನ ಮಗನ ಜಾಗ ಅದು.”

ಅವಳು ನೆಲದ ಮೇಲಿನ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದಳು.

*

ಗುರುವಾರ ಹತ್ತು ಗಂಟೆಗೆ ಉಳಿದದ್ದು ಮೂರೇ ಮೂರು. ಆ ಮೂರು ಜಗ್ಗಲಿಲ್ಲ.

ಗಣಿತದ ಒಂದು ಫಂಕ್ಷನ್ನು. ಅದನ್ನು ಪರಿಚಯಿಸುವ ಹೆಡರ್ ಫೈಲು ಒಂದು ಹೇಳುತ್ತಿತ್ತು, ಅದರ ಕೆಲಸ ಮಾಡಿಕೊಡುವ ಲೈಬ್ರರಿ ಇನ್ನೊಂದು ಹೇಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡೂ ಒಂದೇ ಸಿಸ್ಟಮಿನ ಮಕ್ಕಳು. ಹೀಗೆ ಕಚ್ಚಾಡಬಾರದು. ಅವಳು ತನ್ನ ಸೋರ್ಸಿನಲ್ಲಿ ಹುಡುಕಿದಳು, ತಪ್ಪಿಲ್ಲ. ಆತ ಲೈಬ್ರರಿ ಪರೀಕ್ಷಿಸಿದ, ತಪ್ಪಿಲ್ಲ. ಊಟ ಮರೆತರು. ಮೂರು ಗಂಟೆಗೆ ಸಾಹೇಬರು ಬಾಗಿಲಲ್ಲಿ ತಲೆಯಿಟ್ಟು, “ಆವಕ ಜಾವಕದಲ್ಲಿ ಕಿಟಕಿ ಪಕ್ಕದ ಸೀಟೇ ಕೊಡಿಸಿದ್ದೀನಿ ಮೇಡಂ, ಗಾಳಿ ಚೆನ್ನಾಗಿ ಬರುತ್ತೆ,” ಎಂದು ಹೋದರು.

ಅವಳ ಕಣ್ಣು ಉರಿಯಿತು. ಅಳು ಬರುವ ಮುನ್ನದ ಉರಿ. ಹಡಗಿನಾತ ಕಿಟಕಿಯ ಹೊರಗೆ ನೋಡಿದ. ನೋಡದೆ ಇರುವುದರಲ್ಲೂ ಇಷ್ಟು ಎಚ್ಚರ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

“ನಾವು ತಪ್ಪು ಪ್ರಶ್ನೆ ಕೇಳ್ತಿದೀವಿ,” ಎಂದಳು ಕೊನೆಗೆ. “ಹೆಡರಲ್ಲಿ ಏನಿದೆ ಅಂತ ನೋಡ್ತಿದೀವಿ. ಕಂಪೈಲರ್ ಓದ್ತಿರೋದು ಯಾವ ಹೆಡರು ಅಂತ ನೋಡ್ತಿಲ್ಲ.”

ಐದು ಸಾಲಿನ ಒಂದು ಪುಟ್ಟ ಪ್ರೋಗ್ರಾಮು ಬರೆದಳು. ಓದುವ ಪ್ರತಿ ಫೈಲಿನ ದಾರಿಯನ್ನೂ ತೋರಿಸು ಎಂದು ಕಂಪೈಲರಿಗೆ ಹೇಳಿ ಓಡಿಸಿದಳು. ಪಟ್ಟಿ ಬಂತು. ಎಲ್ಲ ಫೈಲುಗಳಿಗೂ ಭಾನುವಾರದ ತಾರೀಖು, ಒಂದಕ್ಕೆ ಮಾತ್ರ ಒಂಬತ್ತು ವರ್ಷದ ಹಿಂದಿನದು.

“ಇದು ಇರಬಾರದಲ್ಲ,” ಎಂದಳು. “ಅಪ್‌ಗ್ರೇಡ್ ಕೊನೇಲಿ ಹಳೇ ಫೈಲುಗಳನ್ನ ಒಂದೊಂದಾಗಿ ತೋರಿಸಿ ಅಳಿಸಲಾ ಅಂತ ಕೇಳುತ್ತೆ. ನೀವು ಅಳಿಸಲಿಲ್ವಾ?”

ಹಡಗಿನಾತ ಕನ್ನಡಕ ತೆಗೆದ. ಆತನ ಕಿವಿಗಳು ಕೆಂಪಾದವು.

“ಎಲ್ಲವನ್ನೂ ಅಳಿಸಿದೆ,” ಎಂದ ಮೆಲ್ಲಗೆ. “ಇದೊಂದಕ್ಕೆ ಬೇಡ ಅಂದೆ. ಕಚ್ಚಾಡ್ತಿರೋದು ಇದೇ ಅಂತ ಹೊಳೀಲಿಲ್ಲ.”

“ಯಾಕೆ?”

“ತೆರೆದು ನೋಡಿ.”

ತೆರೆದಳು. ಹಳೆಯ ಸಿಸ್ಟಮಿನದೇ ಹೆಡರು. ಯಾವುದೋ ಕಾಲದಲ್ಲಿ ಅವಳು ಅದರಲ್ಲಿ ಎರಡು ಸಾಲು ತಿದ್ದಿದ್ದಳು. ತಲೆಯ ಮೇಲೆ ಒಂದು ಕಾಮೆಂಟು, ಯಂತ್ರಕ್ಕಲ್ಲ, ಓದುವ ಮನುಷ್ಯರಿಗೆಂದು ಬರೆದ ಟಿಪ್ಪಣಿ. ಅವಳದೇ ಮೊದಲಕ್ಷರ, ತಾರೀಖು.

‘ಇದನ್ನು ಅಳಿಸಬೇಡಿ. ಕಾರಣ ನನಗೆ ಗೊತ್ತು. ಕೇಳಬೇಡಿ.’

ಅವಳಿಗೆ ಮೊದಲು ಬಂದದ್ದು ಸಿಟ್ಟೇ. ಇಡೀ ದಿನ! ಬೆಳಿಗ್ಗೆಯಿಂದ ಒದ್ದಾಡಿಸಿದ ಗಂಟು ಈತನ ಕೈಯಲ್ಲೇ ಇತ್ತು. “ನನ್ನ ಒಂದು ಮಾತು ಕೇಳಬಹುದಿತ್ತಲ್ಲ!”

“ಕೇಳಬೇಡಿ ಅಂತ ನೀವೇ ಬರೆದಿದ್ರಿ.”

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

“ಸರಿ ಹಾಗಾದ್ರೆ, ಈಗ ಕೇಳ್ತೀನಿ,” ಎಂದ ಆತ. “ಕಾರಣ ಏನು?”

ಅವಳು ಆ ಎರಡು ಸಾಲುಗಳನ್ನು ದಿಟ್ಟಿಸಿದಳು. ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲೆ ಓದಿದಳು. “ನೆನಪಿಲ್ಲ,” ಎಂದಳು.

ಇಬ್ಬರೂ ಒಟ್ಟಿಗೆ ನಕ್ಕರು. ಅವಳ ನಗು ಎಷ್ಟು ಜೋರಾಯಿತೆಂದರೆ ಪಕ್ಕದ ಕೋಣೆಯ ಟೈಪಿಸ್ಟು ಬಂದು ಇಣುಕಿ ಹೋದಳು. ನಗು ಮುಗಿಯುವ ಹೊತ್ತಿಗೆ ತಾರೀಖಿನ ಅರ್ಥ ಅವಳಿಗೆ ಹೊಳೆಯಿತು. ಗಂಡ ಹೋಗಿ ಒಂದು ತಿಂಗಳು ಆಗಿದ್ದಾಗಿನದು. ಆ ತಿಂಗಳು ಎಲ್ಲರೂ ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದರು. ಅಣ್ಣ ಬಂದು, ಅವಳು ಮಲಗಿದ್ದಾಗ, ಬೀರು ಖಾಲಿ ಮಾಡಿ ಗಂಡನ ಬಟ್ಟೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ, ಕಣ್ಣೆದುರು ಇರಬಾರದೆಂದು. ಆಫೀಸಿನವರು ಅವಳ ಮೇಜನ್ನು ಈ ಮೂಲೆಯ ಕೋಣೆಗೆ ತಂದಿಟ್ಟರು, ಯಾರೂ ತೊಂದರೆ ಕೊಡದಿರಲೆಂದು. ಹೇಗಿದ್ದೀಯ, ಹೇಗಿದ್ದೀಯ ಎಂದು ಕೇಳಿ ಕೇಳಿ ಸುಸ್ತು ಮಾಡಿದರು. ಯಾರೂ ಅಳಿಸಲಾಗದ ಜಾಗ ಈ ಯಂತ್ರವೊಂದೇ ಆಗಿತ್ತು. ಆಗ ಬರೆದದ್ದು.

ಅಷ್ಟನ್ನೂ ಅವಳು ಹಡಗಿನಾತನಿಗೆ ಹೇಳಿದಳು. ಯಾರಿಗೂ ಹೇಳಿರದಿದ್ದನ್ನು, ಪರದೆಯನ್ನು ನೋಡುತ್ತಲೇ.

ಆತ ಕುರ್ಚಿಯನ್ನು ಅವಳತ್ತ ತಿರುಗಿಸಿದ. “ಅಪ್‌ಗ್ರೇಡ್ ಮುಗಿಯೋಕೆ ಆರು ಗಂಟೆ ಹಿಡೀತು,” ಎಂದ. “ಅಷ್ಟು ಹೊತ್ತೂ ಕೂತು ನಿಮ್ಮ ಸೋರ್ಸ್ ಓದಿದೆ. ಕಾಮೆಂಟುಗಳನ್ನೆಲ್ಲ. ‘ಇಲ್ಲಿ ಉತ್ತರ ಯಾಕೆ ಸರಿ ಬರುತ್ತೆ ಅಂತ ನನಗೂ ಗೊತ್ತಿಲ್ಲ, ಗೊತ್ತಾದವರು ಬಂದು ಹೇಳಿ.’ ‘ಈ ಫಂಕ್ಷನ್ ಬರೆದ ದಿನ ಜ್ವರ ಇತ್ತು, ಕ್ಷಮಿಸಿ.’ ‘ಚಂದ್ರನನ್ನು ನಂಬಬಹುದು, ಗಾಳಿಯನ್ನು ನಂಬಬೇಡಿ.’ ಹದಿನೇಳು ವರ್ಷದ್ದು.”

ಅವಳಿಗೆ ನಾಚಿಕೆಯಾಯಿತು. ಬಚ್ಚಲ ಬಾಗಿಲು ಹಾಕಲು ಮರೆತವಳಂತೆ. “ಅದೇನು ಡೈರಿ ಅಲ್ಲ.”

“ಅಲ್ಲ. ಡೈರೀಲಿ ಜನ ಸುಳ್ಳು ಬರೀತಾರೆ.” ಆತ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟ. ಏನು ಮಾಡಬೇಕೆಂದು ತೋಚದವನಂತೆ ಮತ್ತೆ ಕಿವಿಗೇರಿಸಿದ. “ಅಷ್ಟು ಓದಿದ ಮೇಲೆ ಆ ಫೈಲು ಬಂತು. ಅಳಿಸಲಾ ಅಂತ ಕೇಳ್ತು. ಬೆರಳು ಏಳಲಿಲ್ಲ ಮೇಡಂ. ತಪ್ಪು ಅಂತ ಗೊತ್ತಿತ್ತು. ಇಷ್ಟು ವರ್ಷದ ಅನುಭವದಲ್ಲಿ ಅಂಥ ತಪ್ಪು ಮಾಡಿರಲಿಲ್ಲ.”

ಅವಳು ಆತನನ್ನು ನೋಡಿದಳು. ಈ ಸಲ ಪರದೆಯ ಕಪ್ಪಿನಲ್ಲಲ್ಲ, ನೇರವಾಗಿ. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ. ಮೂರು ತಿಂಗಳಿಂದ ಮೆಟ್ಟಿಲಲ್ಲಿ ನೋಡಿದ್ದರೂ ನೋಡಿರಲಿಲ್ಲ. ಆತ ನೋಟ ತಪ್ಪಿಸಲಿಲ್ಲ. ಅವಳೂ ತಪ್ಪಿಸಲಿಲ್ಲ. ತಪ್ಪಿಸಿಕೊಳ್ಳಲು ಅವಳೇನು ಕಳ್ಳತನ ಮಾಡಿದ್ದಾಳೆಯೇ?

ಆಮೇಲೆ ತಿರುಗಿ, ಆ ಫೈಲನ್ನು ತಾನೇ ಅಳಿಸಿದಳು.

ಮತ್ತೆ ಕಂಪೈಲ್. ಮೂರು ಎರರ್ ಹೋಗಿ ಒಂದು ಬಂತು: ಇಂಥ ಫೈಲು ಸಿಗಲಿಲ್ಲ. ಅದು ಪ್ರಾಮಾಣಿಕವಾದ ಎರರ್. ಸೋರ್ಸಿನಲ್ಲಿ ಹಳೆಯ ಹೆಸರು ತೆಗೆದು ಹೊಸ ಹೆಡರಿನ ಹೆಸರು ಬರೆದಳು. ಕಿರುಬೆರಳನ್ನು ಜೋರಾಗಿ ಕುಟ್ಟಿ ಎಂಟರ್ ಒತ್ತಿದಳು.

ಪರದೆ ಏನೂ ಹೇಳಲಿಲ್ಲ. ಈ ಜಾತಿಯ ಸಿಸ್ಟಮುಗಳ ಸ್ವಭಾವವೇ ಅದು. ಎಲ್ಲ ಸರಿಯಿದ್ದಾಗ ಸುಮ್ಮನಿರುತ್ತವೆ.

*

ಶುಕ್ರವಾರ ಬೆಳಿಗ್ಗೆಯಿಂದ ಇಬ್ಬರೂ ಎದುರುಬದುರು ಕೂತು ಪರೀಕ್ಷಿಸಿದರು. ಹೊಸ ಸಿಸ್ಟಮಿನಲ್ಲಿ ಹೋದ ವರ್ಷದ ಪಟ್ಟಿಯನ್ನು ಮತ್ತೆ ತೆಗೆದು, ಅಚ್ಚಾದ ಪುಸ್ತಕಕ್ಕೆ ಹೋಲಿಸುವುದು. ಆತ ಓದಿದ, ಅವಳು ಗುರುತು ಹಾಕಿದಳು. ಒಂದು ನಿಮಿಷವೂ ಆಚೀಚೆಯಾಗಲಿಲ್ಲ. ಮೂರೂಮುಕ್ಕಾಲಿಗೆ ಮುಂದಿನ ವರ್ಷದ ಪಟ್ಟಿಯ ಕಟ್ಟನ್ನು ಸಾಹೇಬರ ಮೇಜಿನ ಮೇಲೆ, ನುಣುಪಾದ ಫೋಲ್ಡರಿನ ಮೇಲೆಯೇ ಇಟ್ಟಳು.

ಸಾಹೇಬರು ಪುಟ ತಿರುವಿದರು. ಗಡಿಯಾರ ನೋಡಿದರು. ಬೇರೆ ದಾರಿ ಇರಲಿಲ್ಲ. ಆದರೆ ಸೋತೆ ಎನ್ನುವ ಪೈಕಿಯವರಲ್ಲ.

“ಭೇಷ್,” ಎಂದರು ಹಡಗಿನಾತನತ್ತ ತಿರುಗಿ. “ಮೂರೇ ದಿನದಲ್ಲಿ ರಿಪೇರಿ ಮಾಡಿಬಿಟ್ರಿ. ಮೇಲಿನೋರಿಗೆ ನಿಮ್ಮ ಹೆಸರಲ್ಲೇ ರಿಪೋರ್ಟ್ ಕಳಿಸ್ತೀನಿ. ಕಾಂಟ್ರಾಕ್ಟ್ ಹದಿನೈದು ದಿನಕ್ಕೆ ಮುಗಿಯುತ್ತಲ್ಲ? ಇಲ್ಲೇ ಕಾಯಂ ಆಗಿ. ಈ ಪ್ರೋಗ್ರಾಮಿನ ಉಸ್ತುವಾರಿ ಇನ್ಮೇಲೆ ನಿಮ್ಮದೇ. ಮೇಡಂ ನಿಮಗೆ ಸಹಾಯಕ್ಕಿರ್ತಾರೆ.”

ಹಡಗಿನಾತ ಒಂದು ಹೆಜ್ಜೆ ಮುಂದೆ ಬಂದ. ಮಾತು ತುಟಿಯವರೆಗೆ ಬಂದದ್ದು ಅವಳಿಗೆ ಕಂಡಿತು. ಆದರೆ ಆತ ಆಡಲಿಲ್ಲ. ಕತ್ತು ತಿರುಗಿಸಿ ಅವಳನ್ನು ನೋಡಿದ. ಹುಬ್ಬು ಕೂದಲೆಳೆಯಷ್ಟು ಮೇಲೇರಿತು. ನಾನು ಹೇಳಲಾ?

ಅವಳು ರೆಪ್ಪೆ ಒಮ್ಮೆ ಮುಚ್ಚಿ ತೆರೆದಳು. ಬೇಡ.

ಆತ ಕೈಕಟ್ಟಿ ಹಿಂದಕ್ಕೆ ಸರಿದು ನಿಂತ. ಮೆಟ್ಟಿಲಲ್ಲಿ ನಿಲ್ಲುವ ಹಾಗೆ.

“ಹೆಸರು ತಪ್ಪಾಗಿದೆ ಸಾರ್,” ಎಂದಳು ಅವಳು. ದನಿ ಏರಿರಲಿಲ್ಲ. “ಈ ಪ್ರೋಗ್ರಾಮು ಬರೆದೋಳು ನಾನು. ಹದಿನೇಳು ವರ್ಷ ಓಡಿಸಿದೋಳು ನಾನು. ಈ ವಾರ ಸರಿ ಮಾಡಿದೋಳೂ ನಾನು, ಇವರು ಜೊತೇಲಿದ್ರು. ರಿಪೋರ್ಟು ಹಾಗೇ ಬರೀರಿ. ಇಲ್ಲಾಂದ್ರೆ ನಾನೇ ಬರೆದು ಕಳಿಸ್ತೀನಿ. ನನಗೂ ಬರೆಯೋಕೆ ಬರುತ್ತೆ.”

“ಅಯ್ಯೋ, ನಾನು ನಿಮ್ಮ ಒಳ್ಳೇದಕ್ಕೇ...”

“ನನ್ನ ಒಳ್ಳೇದನ್ನ ನನ್ನ ಕೇಳಿ ಮಾಡಿ ಸಾರ್. ಕೇಳಿದ್ರೆ ನಾನೇನೂ ಕಚ್ಚಲ್ಲ.”

ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. ತೆಗೆದರು. ಕೊನೆಗೆ ಒಂದು ಬಿಳಿ ಹಾಳೆ ಎಳೆದುಕೊಂಡು, “ಸ್ಪೆಲಿಂಗ್ ಹೇಳಿ ನಿಮ್ಮ ಹೆಸರಿನದು,” ಎಂದರು. ಹದಿನೇಳು ವರ್ಷದಲ್ಲಿ ಅವರು ಅದನ್ನು ಬರೆಯಬೇಕಾಗಿ ಬಂದಿರಲೇ ಇಲ್ಲ. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

*

ಆಫೀಸಿನ ಹಿಂದೆ ಕಲ್ಲಿನ ಕಟ್ಟೆ. ಅದರ ಮೇಲೆ ಇಬ್ಬರೂ ಕೂತರು, ನಡುವೆ ಅವಳ ಕೈಚೀಲ. ನೀರು ಇಳಿಯುತ್ತಿತ್ತು. ಕಟ್ಟೆಯ ಬುಡದಲ್ಲಿ ಒದ್ದೆ ಗೆರೆಯೊಂದು ಕಾಣತೊಡಗಿತ್ತು.

“ಕಾಯಂ ಆಗ್ತೀರಾ?” ಎಂದಳು.

“ಬೇರೆ ಬಂದರಿಂದಲೂ ಕರೆದಿದಾರೆ,” ಎಂದ ಆತ. “ಹೋಗಬೇಕು ಅಂತಿಲ್ಲ. ಇರಬೇಕು ಅಂತ ಇದೆ. ಆದ್ರೆ ಇದ್ದು ದಿನಾ ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದು ನಿಲ್ಲೋದು ಇನ್ನು ನನ್ನ ಕೈಲಾಗಲ್ಲ.” ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಜೇಬಿಗಿಟ್ಟ. “ಸುತ್ತಿ ಬಳಸಿ ಹೇಳೋಕೆ ಬರಲ್ಲ ನನಗೆ. ನಿಮ್ಮ ಮೇಲೆ ಮನಸ್ಸಾಗಿದೆ. ಆ ಭಾನುವಾರದಿಂದ ಅಂದ್ರೆ ಸುಳ್ಳಾಗುತ್ತೆ. ಅದಕ್ಕೂ ಮೊದಲಿಂದ. ನಿಮ್ಮ ಜೊತೆ ಬಾಳಬೇಕು ಅಂತ ಆಸೆ. ಕೇಳದೆ ಏನೂ ಮಾಡಲ್ಲ. ಅದಕ್ಕೇ ಕೇಳ್ತಿದೀನಿ. ನಾನು ಇಲ್ಲೇ ಇರಲಾ?”

ಅವಳ ಎದೆ ಹುಡುಗಿಯ ಎದೆಯ ಹಾಗೆ ಹೊಡೆದುಕೊಂಡಿತು. ಅದರ ಮೇಲೆ ಅವಳಿಗೆ ಸ್ವಲ್ಪ ಸಿಟ್ಟೂ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು.

“ಕೆಲಸ ಬೇಕೋ ಬೇಡವೋ ಅದನ್ನ ನೀವೇ ತೀರ್ಮಾನ ಮಾಡಿ,” ಎಂದಳು. “ನನ್ನ ಹೆಗಲ ಮೇಲೆ ಬಂದೂಕು ಇಡಬೇಡಿ.”

“ಇಡಲ್ಲ. ಕೆಲಸಕ್ಕೆ ಹೂಂ ಅಂದಾಯ್ತು. ನೀವು ಹೊರಗೆ ಹೋದ್ಮೇಲೆ, ಸಾಹೇಬ್ರ ರೂಮಲ್ಲೇ.”

“ಆಗಲೇ?”

“ನೀವು ಬೇಡ ಅಂದ್ರೂ ಇರ್ತೀನಿ. ನಿಮ್ಮ ಪ್ರೋಗ್ರಾಮಿಗೆ ಹೊಸ ಕಾಮೆಂಟು ಬರೀತೀರಲ್ಲ, ಓದೋಕೆ ಒಬ್ಬರು ಬೇಡವಾ? ಇನ್ನೊಂದು ಪ್ರಶ್ನೆ ಮಾತ್ರ ಉಳೀತು.”

ಅವಳು ನಕ್ಕಳು. ಕೈಚೀಲ ಎತ್ತಿಕೊಂಡಳು. ಎತ್ತಿಕೊಂಡ ಮೇಲೆ ಇಬ್ಬರ ನಡುವೆ ಬರಿಯ ಕಲ್ಲು. ಆ ಕಲ್ಲಿನ ಮೇಲಿದ್ದ ಆತನ ಕೈಯ ಮೇಲೆ ತನ್ನ ಕೈಯನ್ನು ಒಂದು ಗಳಿಗೆ ಇಟ್ಟಳು. ಆಫೀಸಿನ ಅಷ್ಟೂ ಕಿಟಕಿಗಳು ಈ ಕಡೆಗೇ ತೆರೆಯುತ್ತವೆಂದು ಗೊತ್ತಿದ್ದೇ ಇಟ್ಟಳು.

“ಸೋಮವಾರ ಹೇಳ್ತೀನಿ,” ಎಂದಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. “ಏನಾಯ್ತು?”

“ಕಂಪೈಲ್ ಆಯ್ತು. ಪಟ್ಟಿ ನನ್ನದೇ. ಸಹಿ ಆಗಲಿಲ್ಲ.”

“ಅದಲ್ಲ ಕಣೇ ನಾನು ಕೇಳಿದ್ದು.”

“ಬೇರೇನೂ ಇಲ್ಲ ಅತ್ತೆ.”

ಅತ್ತೆ ಅವಳ ಮುಖವನ್ನು ಉದ್ದಕ್ಕೂ ಅಡ್ಡಕ್ಕೂ ಓದಿದರು. “ನಿನ್ನ ಮೈದುನ ಮತ್ತೆ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ,” ಎಂದಷ್ಟೇ ಹೇಳಿ, ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದರು.

ಅವಳು ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆಗಳನ್ನು ತೆಗೆಯತೊಡಗಿದಳು. ಬಿಸಿಲು ಇನ್ನೂ ಗೋಡೆಯ ಅರ್ಧದವರೆಗಿತ್ತು. ಅತ್ತೆಯ ಹಾಸಿಗೆ ಹೊದಿಕೆಯ ಎರಡು ಮೂಲೆಗಳನ್ನು ಸೇರಿಸಿ ಹಿಡಿದು, ಗಲ್ಲದಿಂದ ಒತ್ತಿ, ಮಡಿಸುತ್ತಾ ಮಡಿಸುತ್ತಾ, ತೀರ್ಮಾನ ತಾನಾಗಿಯೇ ಆಯಿತು. ಹೂಂ. ಆದರೆ ಅವಳು ಈ ಮನೆ ಬಿಟ್ಟು ಹೋಗುವುದಿಲ್ಲ. ಆತನೇ ಇಲ್ಲಿಗೆ ಬರಲಿ. ಅತ್ತೆ ಎಲ್ಲಿಗೂ ಹೋಗುವುದಿಲ್ಲ. ರೇಡಿಯೋದ ಸದ್ದನ್ನೂ ಯಾರೂ ತಗ್ಗಿಸಬೇಕಿಲ್ಲ. ಸತ್ತವನ ಜಾಗ ಸತ್ತವನದೇ. ಬಂದವನಿಗೆ ಬೇರೆ ಜಾಗ ಮಾಡುವಷ್ಟು ಅಗಲ ತನ್ನ ಎದೆಗಿದೆ. ಅಣ್ಣ, ಮೈದುನ, ಆಫೀಸು, ಬೀದಿ, ಆಡಿಕೊಳ್ಳುವವರು ಹೊಟ್ಟೆ ತುಂಬ ಆಡಿಕೊಳ್ಳಲಿ.

“ಏನೇ ಒಬ್ಬಳೇ ನಗ್ತಿದೀಯಾ?” ಅತ್ತೆ ಅಡುಗೆಮನೆಯ ಕಿಟಕಿಯಿಂದ ಕೂಗಿದರು.

“ಏನಿಲ್ಲ ಅತ್ತೆ. ಹೊದಿಕೆ ಚೆನ್ನಾಗಿ ಒಣಗಿದೆ.”

ಇವತ್ತು ಹೇಳಿದರೆ ಇವತ್ತೇ ಅದು ಎಲ್ಲರದಾಗಿಬಿಡುತ್ತದೆ. ಸೋಮವಾರಕ್ಕೆ ಇನ್ನೂ ಎರಡು ದಿನ. ಆ ಎರಡು ದಿನ ಇದು ತನ್ನೊಬ್ಬಳದೇ ಆಗಿರಲಿ ಎಂದುಕೊಂಡು, ಬಿಸಿ ಆರದ ಹೊದಿಕೆಯನ್ನು ಎದೆಗವಚಿಕೊಂಡು, ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.